ಬೀಳ್ಕೊಡುಗೆಯಲ್ಲಿ ಹೇಳಲಾಗದ ಹೆಸರುಗಳಿಗೆ

ಕಳೆದ ತಿಂಗಳ ಕೊನೆಯ ದಿನ ಮಂಗಳೂರಿನಲ್ಲಿ ನಗರ ಯೋಜಕನ ಹುದ್ದೆಯಿಂದ ನಿವೃತ್ತನಾದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಆಯಿತು. ಮೇಲಧಿಕಾರಿಗಳಿಗೆ ಕೃತಜ್ಞತೆ ಹೇಳುವುದು ವಾಡಿಕೆ, ಹೇಳಿದೆ. ಆದರೆ ನಾನು ನಿಜವಾಗಿ ಋಣಿಯಾಗಿರುವವರಲ್ಲಿ ಹೆಚ್ಚಿನವರು ಆ ಸಭೆಯಲ್ಲಿರಲಿಲ್ಲ. ಕೆಲವರಿಗಂತೂ ಇಂದಿಗೂ ನನ್ನ ಮುಖ ಕಂಡರಾಗದು.

ಮೊದಲ ವಂದನೆ ಆಕ್ಷೇಪಣೆ ಸಲ್ಲಿಸಿದವರಿಗೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಮಹಾಯೋಜನೆಯನ್ನು, ಎಂದರೆ ನಗರದ ಮಾಸ್ಟರ್ ಪ್ಲಾನನ್ನು, ಜನರ ಮುಂದಿಟ್ಟು ಅಭಿಪ್ರಾಯ ಕೇಳಬೇಕು. ಬರುವ ಅರ್ಜಿಗಳಲ್ಲಿ ಬಹುಪಾಲು ‘ನನ್ನ ಜಾಗವನ್ನು ಹಳದಿ ಮಾಡಿಕೊಡಿ’ ಎನ್ನುವಂಥವು. ನಕ್ಷೆಯಲ್ಲಿ ಹಸಿರು ಕೃಷಿಗೆ, ಹಳದಿ ವಸತಿಗೆ. ಉಳಿದವುಗಳನ್ನು ನಾನು ಮನೆಗೆ ಒಯ್ದು ಓದುತ್ತಿದ್ದೆ. ಜಪ್ಪಿನಮೊಗರಿನ ಕಡೆಯ ಹಿರಿಯರೊಬ್ಬರು ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಪೆನ್ಸಿಲಿನಿಂದ ತಮ್ಮ ಬೈಲನ್ನು, ಎಂದರೆ ತಗ್ಗಿನ ಗದ್ದೆಬಯಲನ್ನು, ಬಿಡಿಸಿ ಕಳುಹಿಸಿದ್ದರು. ಆಟಿ ತಿಂಗಳ ಮಳೆಗೆ ತೋಡು (ಸಣ್ಣ ಹಳ್ಳ) ಉಕ್ಕಿದರೆ ನೀರು ಎಷ್ಟನೆಯ ತೆಂಗಿನ ಮರದವರೆಗೆ ಬರುತ್ತದೆ, ಅದೇ ಹೊತ್ತಿಗೆ ಹೊಳೆಯಲ್ಲಿ ಭರತ (ಕಡಲಿನ ಉಬ್ಬರ) ಇದ್ದರೆ ಎಲ್ಲಿಯವರೆಗೆ ಎಂದು ಎರಡು ಬೇರೆ ಗೆರೆಗಳು. ಕರಡಿನಲ್ಲಿದ್ದ ರಸ್ತೆ ಆ ಹಾಳೆಯ ಮೇಲೆ ತೋಡನ್ನು ಎರಡು ಕಡೆ ಕಡಿಯುತ್ತಿತ್ತು. ಸ್ಥಳಕ್ಕೆ ಹೋಗಿ ಮರಗಳನ್ನು ಎಣಿಸಿ ನೋಡಿದೆವು. ಅವರ ಗೆರೆಯೇ ಸರಿ. ರಸ್ತೆ ಬಾಗಿತು.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ಮಂಗಳೂರು. ಪದವುಗಳಿಂದ, ಎಂದರೆ ಎತ್ತರದ ಬಯಲುಗಳಿಂದ, ಇಳಿದ ನೀರು ಬೈಲು, ತೋಡು ಹಿಡಿದು ನೇತ್ರಾವತಿಯನ್ನೋ ಫಲ್ಗುಣಿಯನ್ನೋ ಸೇರಬೇಕು. ಗದ್ದೆಗೆ ಮಣ್ಣು ತುಂಬಿಸಿದರೆ ಆ ನೀರು ನೆರೆಮನೆಯ ಅಂಗಳಕ್ಕೆ ನುಗ್ಗುತ್ತದೆ. 2018ರ ಮೇ 29ರ ಮಳೆಗೆ ನಗರ ಮುಳುಗಿದ ಮೇಲೆ ಇದನ್ನು ಯಾರಿಗೂ ಬಿಡಿಸಿ ಹೇಳುವ ಶ್ರಮ ನನಗಿರಲಿಲ್ಲ. ಅದಕ್ಕೂ ಮೊದಲೇ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವರಿಗೆ, ಅವರಲ್ಲಿ ಕೆಲವರು ನನ್ನನ್ನೇ ಬೈದವರು, ಶರಣು.

ಸರ್ವೆ ವಿಭಾಗದ ಹಿರಿಯರೊಬ್ಬರು ಮದ್ರಾಸ್ ಪ್ರಾಂತ್ಯದ ಕಾಲದ ಎಫ್‌ಎಂಬಿ (ಜಮೀನಿನ ಅಳತೆ ಪುಸ್ತಕ) ಹಾಳೆಗಳನ್ನು ಓದಲು ಕಲಿಸಿದರು. ಕಾಲೇಜು ಕಲಿಸದ ವಿದ್ಯೆ ಅದು.

ಇನ್ನು ಸ್ಮಾರ್ಟ್ ಗ್ರೋತ್. ಇದರ ಬಗ್ಗೆ ನಾನು ಭಾಷಣ ಬಿಗಿದದ್ದುಂಟು. ಅದರ ತಿರುಳು ಇಷ್ಟೇ: ರಸ್ತೆ, ನೀರು, ಬಸ್ಸು ಈಗಾಗಲೇ ಇರುವಲ್ಲಿ ಒತ್ತಾಗಿ ಕಟ್ಟಿ, ಗದ್ದೆಗಳನ್ನು ಬಿಟ್ಟುಬಿಡಿ. 1865ರಲ್ಲಿ ಬಾಸೆಲ್ ಮಿಷನ್ ಜಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹೊಳೆಬದಿಯಲ್ಲಿ ಸಾಲು ಸಾಲು ಚಿಮಣಿಗಳೆದ್ದವು. ಹೆಂಚಿನ ಕಾಲ ಮುಗಿದಾಗ ಊರ ನಡುವೆ ದೊಡ್ಡ ದೊಡ್ಡ ಜಾಗಗಳು ಉಳಿದವು. ಅಂಥ ಒಂದು ಜಾಗದಲ್ಲಿ ಹಳೆಯ ಬಾವಿಯನ್ನೂ ಮರಗಳನ್ನೂ ಉಳಿಸಲು ತನ್ನ ಕಟ್ಟಡವನ್ನೇ ಹಿಂದಕ್ಕೆ ಸರಿಸಿದ ಯುವ ವಾಸ್ತುಶಿಲ್ಪಿಗೆ ಧನ್ಯವಾದ. ಕಾನೂನು ಅಷ್ಟನ್ನು ಕೇಳಿರಲಿಲ್ಲ.

2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗ ಹಣ ಬಂತು, ಜೊತೆಗೆ ಚೆಂದದ ಚಿತ್ರಗಳೂ ಬಂದವು. ಚಿತ್ರದ ಫುಟ್‌ಪಾತಿನಲ್ಲಿ ನಡೆಯುವವರ ಕೈ ಯಾವಾಗಲೂ ಖಾಲಿ. ಬಂದರಿನಿಂದ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಮಹಿಳೆಯೊಬ್ಬರು ಹೊಸ ಅಂಚುಗಲ್ಲಿನ ಪಕ್ಕ ನಿಂತು, ಸೀರೆಯನ್ನು ಸ್ವಲ್ಪ ಎತ್ತಿ, ಕಲ್ಲು ತನ್ನ ಮೊಣಕಾಲಿಗೆ ಎಷ್ಟು ಹತ್ತಿರವಿದೆ ಎಂದು ತೋರಿಸಿದರು. ಮಾತಾಡಲಿಲ್ಲ, ರಸ್ತೆಯಲ್ಲೇ ನಡೆದುಹೋದರು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಕಡೆಗೆ ಓಡುವ ಸಿಟಿ ಬಸ್ಸಿನ ನಿರ್ವಾಹಕರೊಬ್ಬರು ಮಾತ್ರ ಧಾರಾಳವಾಗಿ ಮಾತಾಡಿದರು: ‘ಸ್ಟಾಪು ನೀವು ಅಲ್ಲಿ ಬರೆದಿದ್ದೀರಿ, ಜನ ಇಳಿಯುವುದು ಇಲ್ಲಿ ಸಾರ್.’ ಇವರಿಬ್ಬರ ತಿದ್ದುಪಡಿಗಳು ನನ್ನ ಕಡತದಲ್ಲಿ ‘ಸ್ಥಳ ಪರಿಶೀಲನೆಯಲ್ಲಿ ಕಂಡುಬಂದಂತೆ’ ಎಂದು ದಾಖಲಾಗಿವೆ. ಸರಕಾರಿ ಭಾಷೆಗೆ ಅಷ್ಟೇ ಶಕ್ತಿ.

ಸಹೋದ್ಯೋಗಿಗಳಿಗೆ, ಮಳೆಯಲ್ಲಿ ಟೇಪು ಹಿಡಿದು ನಿಂತವರಿಗೆ, ಚರಂಡಿಗಿಳಿದು ಎಲ್ಲಿ ಕಟ್ಟಿಕೊಂಡಿದೆ ಎಂದು ತೋರಿಸಿದ ಪೌರಕಾರ್ಮಿಕರಿಗೆ ನಮಸ್ಕಾರ.

ಕೊನೆಯದಾಗಿ ಹೆಂಡತಿಗೆ. ಯಾವ ಮದುವೆಗೆ ಹೋದರೂ ‘ನಮ್ಮದೊಂದು ಸಿಂಗಲ್ ಲೇಔಟ್ ಇತ್ತು’ ಎಂದು ಒಂಟಿ ನಿವೇಶನದ ಅನುಮೋದನೆಗಾಗಿ ಮೂಲೆಗೆ ಕರೆದೊಯ್ದವರ ಕೈಯಿಂದ ನನ್ನನ್ನು ಬಿಡಿಸಿ ಊಟದ ಪಂಕ್ತಿಗೆ ಎಳೆದು ತಂದವಳು ಅವಳು. ಈಗ ನನ್ನ ಬಳಿ ಸೀಲೂ ಇಲ್ಲ, ಸಹಿಗೂ ಬೆಲೆಯಿಲ್ಲ. ಮದುವೆಗಳಿಗೆ ಧಾರಾಳವಾಗಿ ಕರೆಯಿರಿ, ಇಬ್ಬರೂ ಬರುತ್ತೇವೆ.