ಡೇಟಾ ಶೀಟ್ ಯಾವ ದೇಶದ್ದು ಅಂತ ಇನ್ಮೇಲೆ ಮೊದಲ ಪುಟದಲ್ಲೇ ಇರುತ್ತದೆ

ಗ್ರಾಹಕ ಮಿತ್ರರೇ,

ನಮ್ಮಿಂದ ಥಿನ್ನರ್, ಟಾಲ್ಯೂಯಿನ್, ಅಂಟು, ಕ್ಲೀನಿಂಗ್ ಸಾಲ್ವೆಂಟ್ ತರಿಸಿಕೊಳ್ಳುವವರಿಗೆಲ್ಲ ಈ ಪತ್ರ. ಬಿಲ್ ಜೊತೆ ಕಳಿಸುವ ಸುರಕ್ಷತಾ ಡೇಟಾ ಶೀಟ್, ಅಂದರೆ ಮಾಲಿನ ಅಪಾಯ ಏನು, ಹೇಗೆ ಎಚ್ಚರ ವಹಿಸಬೇಕು ಅಂತ ಹೇಳುವ ಕಾಗದ (ಪೀಣ್ಯದಲ್ಲಿ ಈಗಲೂ ಎಲ್ಲರೂ ಎಂಎಸ್‌ಡಿಎಸ್ ಅಂತಲೇ ಕೇಳುತ್ತಾರೆ, ಹಾಗೇ ಕೇಳಿ, ಪರವಾಗಿಲ್ಲ) ವಿಷಯದಲ್ಲಿ ಒಂದು ಬದಲಾವಣೆ ಮಾಡಿದ್ದೇವೆ.

ಹೊರದೇಶದ ಎಷ್ಟೋ ಮಾಲಿಗೆ ಭಾರತದ ಶೀಟ್ ಸಿಗುವುದೇ ಇಲ್ಲ. ಇಲ್ಲಿವರೆಗೆ ಹಾಗಾದಾಗ ನಮ್ಮ ಕಂಪ್ಯೂಟರ್ ಸುಮ್ನೆ ಇಂಗ್ಲಿಷಿನಲ್ಲಿರುವ ಇನ್ನೊಂದನ್ನು ಎತ್ತಿ ಮೇಲ್‌ಗೆ ಸೇರಿಸಿಬಿಡುತ್ತಿತ್ತು. ಹೆಚ್ಚಾಗಿ ಅಮೆರಿಕದ್ದು. ಹದಿನಾರು ಭಾಗ ಇದೆ, ಲೋಗೋ ಇದೆ, ಆಡಿಟ್‌ನವರಿಗೆ ತೋರಿಸೋಕೆ ಸಾಕು ಅಂತ ನಾವೂ ತಲೆ ಕೆಡಿಸಿಕೊಂಡಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಗ್ರಾಹಕರೊಬ್ಬರು ಫೋನ್ ಮಾಡಿ ಚೆನ್ನಾಗಿ ಬೈದರು. ಕೆಲಸದ ಹುಡುಗನ ಕಣ್ಣಿಗೆ ಸಾಲ್ವೆಂಟ್ ಸಿಡಿದಿತ್ತು, ಶೀಟಿನ ಮೊದಲ ಭಾಗದಲ್ಲಿದ್ದ ತುರ್ತು ನಂಬರ್‌ಗೆ ಎಷ್ಟು ಸಲ ಮಾಡಿದರೂ ಕಾಲ್ ಹೋಗಲಿಲ್ಲ, ಯಾಕೆಂದರೆ ಅದು ಅಮೆರಿಕದೊಳಗಿನ ಟೋಲ್ ಫ್ರೀ ನಂಬರ್. ಪುಣ್ಯಕ್ಕೆ ಅವರು ಪ್ರಥಮ ಚಿಕಿತ್ಸೆ ಹೇಳುವ ನಾಲ್ಕನೇ ಭಾಗ ಓದಿ, ನಲ್ಲಿ ಕೆಳಗೆ ಕಣ್ಣು ತೊಳೆಸಿ, ಆಸ್ಪತ್ರೆಗೆ ಕರೆದುಕೊಂಡು ಹೋದರು. ಹುಡುಗ ಚೆನ್ನಾಗಿದ್ದಾನೆ. ತಪ್ಪು ನಮ್ಮದೇ.

ಆಮೇಲೆ ಕೂತು ಶೀಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಪ್ರಥಮ ಚಿಕಿತ್ಸೆ, ಬೆಂಕಿ ಆರಿಸುವುದು, ಚೆಲ್ಲಿದರೆ ಏನು ಮಾಡಬೇಕು, ಇವೆಲ್ಲ ಯಾವ ದೇಶದ ಶೀಟಾದರೂ ಹೆಚ್ಚು ಕಡಿಮೆ ಒಂದೇ. ಟಾಲ್ಯೂಯಿನ್ 4 ಡಿಗ್ರಿಗೇ ಉರಿಯುವ ಆವಿ ಬಿಡುತ್ತದೆ, ಅದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಆದರೆ ಎಂಟನೇ ಭಾಗಕ್ಕೆ ಬನ್ನಿ. ಎಂಟು ಗಂಟೆ ಕೆಲಸದಲ್ಲಿ ಉಸಿರಾಡುವ ಗಾಳಿಯಲ್ಲಿ ಟಾಲ್ಯೂಯಿನ್ ಸರಾಸರಿ ಎಷ್ಟಿರಬಹುದು ಅಂದರೆ ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಓಶಾ ಇಲಾಖೆಯ ಮಿತಿ 200 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 200 ಭಾಗ), ಯುರೋಪಿನದು 50, ನಮ್ಮ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಇದ್ದದ್ದು 100. ಅಮೆರಿಕದ ಶೀಟ್ ನೋಡಿ ಫ್ಯಾನ್ ಹಾಕಿಸಿದವರು ಇಲ್ಲಿನ ಮಿತಿಯ ಎರಡರಷ್ಟಕ್ಕೆ ಒಪ್ಪಿಕೊಂಡ ಹಾಗಾಯಿತು, ಅಲ್ವಾ?

ಹಾಗಂತ ಯುರೋಪಿನದೇ ಯಾವಾಗಲೂ ಬಿಗಿ ಅಂತಲೂ ಇಲ್ಲ. ಫ್ಲ್ಯಾಶ್ ಪಾಯಿಂಟ್ (ಉರಿಯುವಷ್ಟು ಆವಿ ಬಿಡಲು ಶುರುವಾಗುವ ಉಷ್ಣತೆ) 70 ಡಿಗ್ರಿ ಇರುವ ಕ್ಲೀನರ್ ಅಮೆರಿಕದ ಶೀಟಿನಲ್ಲಿ ‘ಉರಿಯಬಲ್ಲ ದ್ರವ’ ಆಗಿರುತ್ತದೆ, ಯುರೋಪಿನವರು ಸಾಮಾನ್ಯವಾಗಿ 60 ಡಿಗ್ರಿಗೇ ಗೆರೆ ಎಳೆಯುವುದರಿಂದ ಅವರ ಶೀಟಿನಲ್ಲಿ ಆ ಮಾತೇ ಇರುವುದಿಲ್ಲ. ಡಬ್ಬದೊಳಗಿನ ದ್ರವ ಮಾತ್ರ ಅದೇ.

ಇದೆಲ್ಲ ನೋಡಿದ ಮೇಲೆ ಇನ್ಮೇಲೆ ಹೀಗೆ ಮಾಡುತ್ತೇವೆ. ಭಾರತದ ಶೀಟ್ ಇದ್ದರೆ ಅದೇ. ಇಲ್ಲದಿದ್ದರೆ ನಿಮ್ಮ ಕೈಗೆ ಬರುವ ಡಬ್ಬ ಯಾವ ದೇಶಕ್ಕೆ ಅಂತ ಪ್ಯಾಕ್ ಆಗಿತ್ತೋ ಆ ದೇಶದ ಶೀಟ್, ಯಾಕೆಂದರೆ ಒಂದೇ ಹೆಸರಿನ ಮಾಲು ಬೇರೆ ಬೇರೆ ದೇಶದಲ್ಲಿ ಬೇರೆ ಮಿಶ್ರಣ ಆಗಿರಬಹುದು. ಅದರ ಮೇಲೆ ನಮ್ಮದೊಂದು ಕನ್ನಡದ ಪುಟ: ಇದು ಬದಲಿ ಶೀಟ್, ಇಂಥ ದೇಶದ್ದು, ಇಂಥ ತಾರೀಕಿನದು, 1 (ಫೋನ್ ನಂಬರ್), 8 (ಗಾಳಿಯ ಮಿತಿ), 13 (ವಿಲೇವಾರಿ), 15ನೇ (ಕಾನೂನು) ಭಾಗಗಳನ್ನು ಇಲ್ಲಿಗೆ ಹಾಗೇ ನಂಬಬೇಡಿ, ತುರ್ತಿಗೆ 112. ಇಲ್ಲಿನ ಮಿತಿ ಗೊತ್ತಿದ್ದರೆ ಅದನ್ನೂ ಬರೆಯುತ್ತೇವೆ. ಮೂಲ ಶೀಟನ್ನು ಮಾತ್ರ ಮುಟ್ಟುವುದಿಲ್ಲ. ತಲೆಬರಹದಲ್ಲಿ ದೇಶದ ಹೆಸರು ಬದಲಾಯಿಸಿ ‘ಭಾರತದ್ದು’ ಮಾಡಿಕೊಡಿ ಅಂತ ಇಬ್ಬರು ಕೇಳಿದ್ದಾರೆ, ದಯವಿಟ್ಟು ಕೇಳಬೇಡಿ. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮದಲ್ಲಿ ಶೀಟ್ ಸರಿಯಾಗಿರಬೇಕಾದ ಹೊಣೆ ಮಾಲು ಬಳಸುವ ಜಾಗದವರ ಮೇಲೂ ಇದೆ, ಅಂದರೆ ನಿಮ್ಮ ಮೇಲೂ.

ಯಾವ ಶೀಟೂ ಸಿಗದಿದ್ದರೆ ಮಾಲು ಕಳಿಸುವುದಿಲ್ಲ. ಇದರಿಂದ ಕೆಲವು ಆರ್ಡರ್ ಎರಡು ಮೂರು ದಿನ ತಡವಾಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಫೈಲಿನಲ್ಲಿರುವ ಹಳೇ ಶೀಟುಗಳನ್ನು ಒಮ್ಮೆ ತೆಗೆದು ಮೊದಲ ಭಾಗದ ಫೋನ್ ನಂಬರ್ ನೋಡಿ. +91 ಇಲ್ಲದಿದ್ದರೆ ಆ ಪುಟದ ಫೋಟೋ ವಾಟ್ಸಾಪ್ ಮಾಡಿ, ಹೊಸದನ್ನು ಕಳಿಸುತ್ತೇವೆ.

ನಿಮ್ಮ,
ಪೀಣ್ಯದ ಗೋದಾಮಿನವರು