ಗೇಜಿನ ಮುಳ್ಳು ನಂಬಿ ಕೂರಬೇಡಿ

ಮಾನ್ಯ ಸಂಪಾದಕರೆ,

ಅಂಗಾಂಶವನ್ನು ಹೆಪ್ಪುಗಟ್ಟಿಸಿ ರೋಗ ತೆಗೆಯುವ ಕ್ರಯೋ ಚಿಕಿತ್ಸೆಯ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಇಂಥ ವಿಷಯವನ್ನು ಕನ್ನಡದಲ್ಲಿ ಬರೆದದ್ದಕ್ಕೆ ಮೊದಲು ಧನ್ಯವಾದ. ಆದರೆ ಯಂತ್ರ ಎಷ್ಟು ತಣ್ಣಗಾದರೆ ಚಿಕಿತ್ಸೆ ಅಷ್ಟು ಒಳ್ಳೆಯದು, ಮೈನಸ್ 196 ಡಿಗ್ರಿ ಮುಟ್ಟಿದರೆ ಇನ್ನು ಚಿಂತೆಯೇ ಇಲ್ಲ ಎಂಬ ಅರ್ಥ ಬರುವ ಹಾಗೆ ಅದನ್ನು ಮುಗಿಸಿದ್ದೀರಿ. ಆಸ್ಪತ್ರೆಗಳಲ್ಲಿ ಈ ಯಂತ್ರಗಳನ್ನು ಬಿಚ್ಚಿ, ಒರೆಸಿ, ಜೋಡಿಸಿ, ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರ ಪಕ್ಕ ನಿಂತು ನಡೆಸುತ್ತಲೇ 27 ವರ್ಷ ಕಳೆದವನು ನಾನು. ಆ ಮಾತನ್ನು ಸುಮ್ಮನೆ ಬಿಡಲು ಮನಸ್ಸು ಒಪ್ಪಲಿಲ್ಲ.

ಮೈನಸ್ 196 ಎನ್ನುವುದು ದ್ರವ ಸಾರಜನಕ ಕುದಿಯುವ ಉಷ್ಣತೆ. ಇಂಥ ಯಂತ್ರಗಳಲ್ಲಿ ಬಳಸುವ ಬೇರೆ ಗ್ಯಾಸುಗಳ ಪೈಕಿ ಆರ್ಗಾನ್ ಮೈನಸ್ 186ರಲ್ಲಿ, ನೈಟ್ರಸ್ ಆಕ್ಸೈಡ್ ಸುಮಾರು ಮೈನಸ್ 88ರಲ್ಲಿ ಕುದಿಯುತ್ತವೆ. ಯಂತ್ರ ಮಾರಲು ಬರುವವರ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಇಂಥ ಸಂಖ್ಯೆಗಳೇ. ಆದರೆ ಅಂಗಾಂಶಕ್ಕೆ ತಾಗಿಸುವ ಲೋಹದ ಕೊಳವೆಯ, ಅಂದರೆ ಪ್ರೋಬಿನ, ತುದಿ ಅಷ್ಟು ತಣ್ಣಗಾಗುವುದಿಲ್ಲ. ತುದಿಯಿಂದ ಅರ್ಧ ಸೆಂಟಿಮೀಟರ್ ಆಚೆಗಿನ ಮಾಂಸವಂತೂ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಮೈಯ ಶಾಖ 37 ಡಿಗ್ರಿ. ಈ ಕಡೆಯಿಂದ ನಾವು ಶಾಖವನ್ನು ಎಳೆಯುತ್ತಿದ್ದರೆ ಆ ಕಡೆಯಿಂದ ರಕ್ತ ಹೊಸ ಶಾಖ ತಂದು ಸುರಿಯುತ್ತಲೇ ಇರುತ್ತದೆ. ಎರಡೂ ಸಮವಾದ ಕ್ಷಣ ತುದಿಯ ಸುತ್ತ ಕಟ್ಟುವ ಮಂಜಿನ ಉಂಡೆ ಬೆಳೆಯುವುದು ನಿಲ್ಲುತ್ತದೆ. ದೊಡ್ಡ ರಕ್ತನಾಳ ಪಕ್ಕದಲ್ಲಿದ್ದರೆ ಆ ಬದಿಯಲ್ಲಿ ಬೇಗ ನಿಲ್ಲುತ್ತದೆ. ಸ್ಕ್ಯಾನ್‌ನಲ್ಲಿ ಕಾಣುವ ಉಂಡೆಯ ಅಂಚು ಸೊನ್ನೆ ಡಿಗ್ರಿಯ ಆಸುಪಾಸಿನದು, ಅಲ್ಲಿ ಜೀವಕೋಶಗಳು ಸಾಯುವುದಿಲ್ಲ. ಖಚಿತವಾಗಿ ಸಾಯುವುದು ಮೈನಸ್ 20ರಿಂದ ಮೈನಸ್ 40ಕ್ಕೆ ಇಳಿದಲ್ಲಿ, ಅಂದರೆ ಅಂಚಿನಿಂದ ಕೆಲವು ಮಿಲಿಮೀಟರ್ ಒಳಗೆ. ಅದಕ್ಕೇ ಅನುಭವಸ್ಥ ಡಾಕ್ಟರುಗಳು ಉಂಡೆಯನ್ನು ಗೆಡ್ಡೆಯ ಗಡಿ ದಾಟಿಸಿಯೇ ನಿಲ್ಲಿಸುವುದು.

ಪ್ರತಿ ಕೇಸಿಗೂ ಮುಂಚೆ ನಾನು ತಪ್ಪದೆ ಮಾಡುತ್ತಿದ್ದ ಕೆಲಸ ಒಂದಿತ್ತು. ಗಾಜಿನ ಪಾತ್ರೆಯಲ್ಲಿ ಸ್ಟೆರೈಲ್ ನೀರು ತುಂಬಿ, ಪ್ರೋಬಿನ ತುದಿ ಮುಳುಗಿಸಿ ಗ್ಯಾಸ್ ಬಿಡುವುದು. ಮೊದಲ ಕೆಲವು ಸೆಕೆಂಡು ಏನೂ ಕಾಣದು, ಒಳಗಿಂದ ಸಣ್ಣ ಸಿಳ್ಳಿನಂಥ ಸದ್ದು ಮಾತ್ರ. ಆಮೇಲೆ ಲೋಹದ ಹೊಳಪು ಮಸುಕಾಗುತ್ತದೆ, ಹಾಲಿನ ಕೆನೆಯಂಥ ತೆಳು ಪದರ ಕೂರುತ್ತದೆ, ಅದು ದಪ್ಪವಾಗುತ್ತಾ ಗುಂಡಗಾಗುತ್ತದೆ. ಹೊರಗೆ ಗಾಜಿನಂತೆ ತಿಳಿ, ಒಳಗೆ ತುದಿಯ ಬಳಿ ಬಿಳುಪು. ಉಂಡೆ ಒಂದೇ ಕಡೆ ಉಬ್ಬಿದರೆ ಗ್ಯಾಸ್ ಚಿಮ್ಮುವ ಸಣ್ಣ ರಂಧ್ರದಲ್ಲಿ ಏನೋ ಸಿಕ್ಕಿದೆ ಎಂದು ನನಗೆ ಅನುಮಾನ. ನೀರಿನಲ್ಲಿ ಗುಳ್ಳೆ ಎದ್ದರೆ ಸೋರಿಕೆ, ಆ ಪ್ರೋಬ್ ಆ ದಿನ ರೋಗಿಯ ಹತ್ತಿರ ಹೋಗುವಂತಿಲ್ಲ. ಎರಡು ನಿಮಿಷದ ಈ ಪರೀಕ್ಷೆ ಹೇಳಿದಷ್ಟನ್ನು ಯಾವ ಕರಪತ್ರವೂ ನನಗೆ ಹೇಳಿಲ್ಲ.

ಆ ರಂಧ್ರದಲ್ಲೇ ಇರುವುದು ಇಡೀ ವಿದ್ಯೆ. ಒತ್ತಡದಲ್ಲಿರುವ ಗ್ಯಾಸನ್ನು ಕಿರಿದಾದ ಕಿಂಡಿಯಿಂದ ಒಮ್ಮೆಲೇ ಹಿಗ್ಗಲು ಬಿಟ್ಟರೆ ಅದು ತಣ್ಣಗಾಗುತ್ತದೆ ಎಂಬುದನ್ನು ವಿಜ್ಞಾನಿಗಳಾದ ಜೂಲ್ ಮತ್ತು ಥಾಮ್ಸನ್ 1852ರಲ್ಲಿ ತೋರಿಸಿದರು. ಆದರೆ ಹೀಲಿಯಂ ಕೋಣೆಯ ಉಷ್ಣತೆಯಲ್ಲಿ ಹೀಗೆ ಹಿಗ್ಗಿದರೆ ಬಿಸಿಯಾಗುತ್ತದೆ. ಆದ್ದರಿಂದ ಸೂಜಿಯಂಥ ಕೆಲವು ಪ್ರೋಬುಗಳಲ್ಲಿ ಹೆಪ್ಪುಗಟ್ಟಿಸಲು ಆರ್ಗಾನ್, ಕರಗಿಸಲು ಹೀಲಿಯಂ ಬಿಡುತ್ತಾರೆ. ಸುಮಾರು 1.5 ಮಿಲಿಮೀಟರ್ ದಪ್ಪದ ಆ ಸೂಜಿಯೊಳಗೆ, ಕೆಲಸ ಮುಗಿಸಿ ವಾಪಸ್ ಹೋಗುವ ತಣ್ಣನೆಯ ಗ್ಯಾಸ್ ಎದುರಿಗೆ ಬರುವ ಗ್ಯಾಸನ್ನು ದಾರಿಯಲ್ಲೇ ತಣಿಸುತ್ತಾ ಹೋಗುತ್ತದೆ. ಎಷ್ಟು ಸಲ ನೋಡಿದರೂ ಇದನ್ನು ಯೋಚಿಸಿದವರಿಗೆ ಕೈ ಮುಗಿಯಬೇಕು ಅನಿಸುತ್ತದೆ. 1850ರ ಹೊತ್ತಿಗೆ ಇಂಗ್ಲೆಂಡಿನ ಜೇಮ್ಸ್ ಆರ್ನಾಟ್ ಎಂಬ ವೈದ್ಯರು ಪುಡಿ ಮಾಡಿದ ಮಂಜುಗಡ್ಡೆಗೆ ಉಪ್ಪು ಬೆರೆಸಿ, ಗೆಡ್ಡೆಗಳನ್ನು ಮೈನಸ್ 20ರ ಆಸುಪಾಸಿಗೆ ತಣಿಸಿ ನೋವು ಕಡಿಮೆ ಮಾಡುತ್ತಿದ್ದರು. 1961ರಲ್ಲಿ ಅಮೆರಿಕದ ಇರ್ವಿಂಗ್ ಕೂಪರ್ ಮತ್ತು ಆರ್ನಾಲ್ಡ್ ಲೀ ಒಂದರೊಳಗೊಂದು ಮೂರು ಕೊಳವೆ ಇಟ್ಟು ದ್ರವ ಸಾರಜನಕದ ಪ್ರೋಬ್ ಮಾಡಿದರು: ಒಳಗಿನದರಲ್ಲಿ ದ್ರವ ಬರುತ್ತದೆ, ನಡುವಿನದರಲ್ಲಿ ಆವಿ ಹಿಂದಿರುಗುತ್ತದೆ, ಹೊರಗಿನದು ನಿರ್ವಾತ. ಆ ನಿರ್ವಾತ ಇರುವುದರಿಂದಲೇ ತುದಿ ಬಿಟ್ಟು ಉಳಿದ ಭಾಗ ತಾಗಿದ ಒಳ್ಳೆಯ ಮಾಂಸ ಉಳಿಯುತ್ತದೆ. ಪ್ರೋಬಿನ ಕಾಂಡದ ಮೇಲೆ ಹಿಮ ಕೂತರೆ ನಿರ್ವಾತ ಹೋಗಿದೆ ಎಂದೇ ಲೆಕ್ಕ.

ಈಗ ನನ್ನನ್ನು ಈ ಪತ್ರ ಬರೆಯಲು ಕೂರಿಸಿದ ವಿಷಯಕ್ಕೆ ಬರುತ್ತೇನೆ. ಗರ್ಭಕೊರಳಿನಲ್ಲಿ ಕ್ಯಾನ್ಸರಿಗೆ ಮೊದಲು ಕಾಣಿಸಿಕೊಳ್ಳುವ ಮಾರ್ಪಾಡುಗಳನ್ನು ನೈಟ್ರಸ್ ಆಕ್ಸೈಡ್ ಯಂತ್ರದಿಂದ ಹೆಪ್ಪುಗಟ್ಟಿಸುವ ಕ್ಲಿನಿಕ್ ನಡೆಯುತ್ತಿತ್ತು. ಪದ್ಧತಿ ಗೊತ್ತಿದ್ದದ್ದೇ: ಮೂರು ನಿಮಿಷ ಹೆಪ್ಪುಗಟ್ಟಿಸು, ಐದು ನಿಮಿಷ ಕರಗಲು ಬಿಡು, ಮತ್ತೆ ಮೂರು ನಿಮಿಷ. ಬೆಳಿಗ್ಗೆಯಿಂದ ಮೂರು ಜನರಿಗೆ ಆಗಿತ್ತು, ನಾಲ್ಕನೆಯವರು ಮಲಗಿದ್ದರು. ಸಿಲಿಂಡರಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಹಸಿರು ಪಟ್ಟಿಯಲ್ಲಿ ನೆಟ್ಟಗೆ ನಿಂತಿತ್ತು. ಎರಡನೆಯ ಸುತ್ತು ಶುರುವಾಗಿ ಒಂದು ನಿಮಿಷ ಆಗಿರಬೇಕು, ಬಳಸಿದ ಗ್ಯಾಸ್ ಹೊರಹೋಗುವ ಎಕ್ಸಾಸ್ಟ್ ಪೈಪಿನ ಸದ್ದು ಸಣ್ಣಗಾಯಿತು. ತಲೆಯೆತ್ತಿ ನೋಡಿದರೆ ಮುಳ್ಳು ಕಣ್ಣೆದುರೇ ಜಾರುತ್ತಿದೆ. ‘ಬಿಳುಪು ನಿಂತುಬಿಟ್ಟಿತು, ಏನಾಯಿತು ನೋಡಿ’ ಎಂದರು ಡಾಕ್ಟರು. ಆ ತಾಯಿ ‘ಮುಗಿಯಿತಾ ಸಿಸ್ಟರ್?’ ಎಂದು ಕೇಳಿದರು. ಸಿಸ್ಟರ್ ಅವರ ಕೈ ಹಿಡಿದುಕೊಂಡು ಇಲ್ಲಮ್ಮ ಎಂದರು.

ಸಿಲಿಂಡರ್ ಖಾಲಿ. ಮುಳ್ಳು ಮುಂಚೆ ಯಾಕೆ ಹೇಳಲಿಲ್ಲ? ನೈಟ್ರಸ್ ಆಕ್ಸೈಡ್ ಸಿಲಿಂಡರಿನೊಳಗೆ ದ್ರವವಾಗಿ ಇರುತ್ತದೆ. ಒಂದು ಹನಿ ದ್ರವ ಉಳಿದಿರುವ ತನಕ ಅದರ ಮೇಲಿನ ಆವಿಯ ಒತ್ತಡ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, 20 ಡಿಗ್ರಿಯಲ್ಲಿ ಸುಮಾರು 50 ಬಾರ್. ತುಂಬಿದ ಸಿಲಿಂಡರಿಗೂ ತಳ ಕಂಡ ಸಿಲಿಂಡರಿಗೂ ಮುಳ್ಳು ಒಂದೇ ಉತ್ತರ ಕೊಡುತ್ತದೆ. ದ್ರವ ತೀರಿದ ಮೇಲಷ್ಟೇ ಬೀಳಲು ತೊಡಗುತ್ತದೆ, ಬೀಳುವಾಗ ಬೇಗ ಬೀಳುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಕ ಮಾಡುವುದೊಂದೇ ದಾರಿ. ಇದು ನನಗೆ ಗೊತ್ತಿತ್ತು. ತೂಕದ ಯಂತ್ರ ಬೇಕೆಂದು ಎರಡು ಸಲ ಬರೆದುಕೊಟ್ಟಿದ್ದೆ, ಗೇಜ್ ಇದೆಯಲ್ಲ ಎಂಬ ಷರಾ ಬರೆದು ಕಾಗದ ವಾಪಸ್ ಕಳಿಸಿದ್ದರು. ಆ ದಿನ ಬೇರೆ ಸಿಲಿಂಡರ್ ಜೋಡಿಸಿ, ವಾಷರ್ ಬದಲಿಸಿ ಬಿಗಿ ಮಾಡುವಷ್ಟರಲ್ಲಿ ಹೆಪ್ಪು ಪೂರ್ತಿ ಕರಗಿತ್ತು. ಡಾಕ್ಟರು ಅರ್ಧಕ್ಕೆ ಬಿಡದೆ ಮೊದಲಿನಿಂದ ಎರಡೂ ಸುತ್ತು ಮಾಡಿದರು. ಆ ತಾಯಿ ಒಂದು ಮಾತೂ ಆಡದೆ ಮತ್ತೆ ಅಷ್ಟು ಹೊತ್ತು ಮಲಗಿದರು. ಅವರ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅರ್ಧ ಸುತ್ತು ಆಗಿತ್ತಲ್ಲ, ಸಾಕಾಗುತ್ತಿರಲಿಲ್ಲವೇ ಎಂದು ಕೇಳಬಹುದು. ಇಲ್ಲ. ತಣಿಯುವಾಗ ಮೊದಲು ಮಂಜು ಕಟ್ಟುವುದು ಜೀವಕೋಶಗಳ ಹೊರಗೆ. ಆ ಮಂಜು ಒಳಗಿನ ನೀರನ್ನು ಹೊರಗೆಳೆಯುತ್ತದೆ, ಒಳಗೆ ಉಪ್ಪು ಗಟ್ಟಿಯಾಗಿ ಕೋಶ ಸೊರಗುತ್ತದೆ. ತುದಿಯ ಹತ್ತಿರ ಬಹಳ ವೇಗವಾಗಿ ತಣಿಯುವಲ್ಲಿ ಕೋಶದೊಳಗೇ ಹರಳು ಹುಟ್ಟಿ ಅದನ್ನು ಹರಿದುಹಾಕುತ್ತದೆ. ಕರಗುವಾಗ ಸಣ್ಣ ಹರಳುಗಳು ಕೂಡಿಕೊಂಡು ದೊಡ್ಡವಾಗುತ್ತವೆ, ಆಗಲೂ ಹಾನಿ ನಡೆಯುತ್ತಲೇ ಇರುತ್ತದೆ. ಕಿರಿಯ ರಕ್ತನಾಳಗಳು ಕೆಟ್ಟು, ಗಂಟೆಗಳ ಮೇಲೆ ಅಲ್ಲಿನ ರಕ್ತಸಂಚಾರವೇ ನಿಲ್ಲುತ್ತದೆ. ಮೊದಲ ಸುತ್ತಿನ ಪೆಟ್ಟು ತಿಂದ ಮಾಂಸದಲ್ಲಿ ಎರಡನೆಯ ಸಲ ಚಳಿ ಬೇಗ ಹಬ್ಬುತ್ತದೆ, ದೂರಕ್ಕೂ ಹೋಗುತ್ತದೆ. ಹೀಗಾಗಿ ಸುಮ್ಮನೆ ಕಾಯುವ ಆ ಐದು ನಿಮಿಷವೂ ಚಿಕಿತ್ಸೆಯೇ. ಹೊರಗೆ ಸಾಲು ಉದ್ದವಾದ ದಿನ ಐದು ನಿಮಿಷ ಎರಡಾದದ್ದನ್ನು ಕಂಡಿದ್ದೇನೆ. ಟೈಮರ್ ಹಿಡಿದವರು ಅಂಥ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಬೇಕು, ಎದುರಿಗಿರುವವರು ಎಷ್ಟೇ ದೊಡ್ಡ ಡಾಕ್ಟರಾದರೂ.

ಇನ್ನೊಂದು ಅವಸರ ಪ್ರೋಬನ್ನು ಕೀಳುವುದು. ಹೆಪ್ಪುಗಟ್ಟಿದ ತುದಿ ಒದ್ದೆ ಅಂಗಾಂಶಕ್ಕೆ ಕಚ್ಚಿಕೊಂಡಿರುತ್ತದೆ, ಎಳೆದರೆ ಚರ್ಮ ಕಿತ್ತು ಬಂದು ರಕ್ತ ಸುರಿಯುತ್ತದೆ. ಕೆಲವು ಯಂತ್ರಗಳಲ್ಲಿ ಗುಂಡಿ ಒತ್ತಿ ಎಕ್ಸಾಸ್ಟ್ ಮುಚ್ಚಿದರೆ ಒಳಗೆ ಒತ್ತಡ ಏರಿ, ಬೆಚ್ಚನೆಯ ಗ್ಯಾಸ್ ತುದಿಯಲ್ಲಿ ದ್ರವವಾಗಿ ತನ್ನ ಶಾಖವನ್ನು ಅಲ್ಲೇ ಬಿಟ್ಟುಕೊಡುತ್ತದೆ, ಪ್ರೋಬ್ ತಾನೇ ಸಡಿಲವಾಗುತ್ತದೆ. ಆ ಗುಂಡಿ ಕೆಲಸ ಮಾಡದ ಯಂತ್ರವನ್ನು ತಣ್ಣಗಂತೂ ಆಗುತ್ತಿದೆಯಲ್ಲ ಎಂದು ಬಳಸುತ್ತಲೇ ಇರುವುದು ತಪ್ಪು.

ಗ್ಯಾಸ್ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರೂ ಕಡಿಮೆ. ನೈಟ್ರಸ್ ಆಕ್ಸೈಡಿನ ಎಕ್ಸಾಸ್ಟ್ ಪೈಪ್ ಕಿಟಕಿಯಾಚೆಗೆ ಹೋಗಿರಲೇಬೇಕು. ಕೋಣೆಯಲ್ಲೇ ಬಿಟ್ಟರೆ ದಿನವಿಡೀ ಅದನ್ನು ಉಸಿರಾಡುವವರು ಸಿಸ್ಟರ್‌ಗಳು. ಆಚೆಗೆ ಬಿಟ್ಟರೂ ಅದು ವಾತಾವರಣವನ್ನು ಇಂಗಾಲದ ಡೈಆಕ್ಸೈಡಿಗಿಂತ ನೂರು ವರ್ಷದ ಲೆಕ್ಕದಲ್ಲಿ ಸುಮಾರು 273 ಪಟ್ಟು ಬಿಸಿ ಮಾಡುತ್ತದೆ ಎಂಬುದು ನನ್ನನ್ನು ಕಾಡಿದೆ. ದ್ರವ ಸಾರಜನಕ ಗಾಳಿಗೆ ಆ ರೀತಿಯ ಕೆಡುಕು ಮಾಡದು. ಆದರೆ ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಗ್ಯಾಸ್ ಆಗುತ್ತದೆ, ಮುಚ್ಚಿದ ಸಣ್ಣ ಕೋಣೆಯಲ್ಲಿ ಚೆಲ್ಲಿದರೆ ಆಮ್ಲಜನಕವನ್ನೇ ತಳ್ಳಿಹಾಕುತ್ತದೆ. ವಾಸನೆಯಿಲ್ಲ, ಎಚ್ಚರಿಕೆಯಿಲ್ಲ. ಅದನ್ನು ಗಾಳಿಯಾಡುವ ಕಡೆಯೇ ಇಡಬೇಕು, ಪಾತ್ರೆಯ ಬಾಯಿ ಬಿಗಿಯಾಗಿ ಮುಚ್ಚಬಾರದು.

ಗ್ಯಾಸಿನ ಈ ತಾಪತ್ರಯ ನೋಡಿಯೇ ಗರ್ಭಕೊರಳಿನ ಚಿಕಿತ್ಸೆಗೆ ವಿದ್ಯುತ್ತಿನಿಂದ ಬಿಸಿ ಮಾಡುವ ಸಾಧನವನ್ನೂ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ಸಿಲಿಂಡರ್ ಸಮಯಕ್ಕೆ ಸಿಗದ ಕಡೆ ಅದೇ ಒಳ್ಳೆಯದು, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಮೂತ್ರಪಿಂಡದ ಗೆಡ್ಡೆ, ಪ್ರಾಸ್ಟೇಟ್, ಹೃದಯದ ಲಯ ತಪ್ಪಿಸುವ ಜಾಗಗಳು, ಕಣ್ಣಿನ ಅಕ್ಷಿಪಟಲ, ಚರ್ಮ, ಇಲ್ಲೆಲ್ಲ ಹೆಪ್ಪುಗಟ್ಟಿಸುವ ಸಾಧನಗಳು ಇನ್ನೂ ಕೆಲಸ ಮಾಡುತ್ತಿವೆ. ಅವುಗಳ ಬಗ್ಗೆ ಬರೆಯುವಾಗ ಗ್ಯಾಸ್ ಯಾವುದು, ಬೆಚ್ಚನೆಯ ಮಾಂಸದ ಮೇಲೆ ಇಟ್ಟಾಗ ತುದಿ ನಿಜವಾಗಿ ಎಷ್ಟಕ್ಕೆ ಇಳಿಯುತ್ತದೆ, ಎಷ್ಟು ಸುತ್ತು, ಕರಗಲು ಎಷ್ಟು ಹೊತ್ತು, ಯಂತ್ರ ನೋಡಿಕೊಳ್ಳುವವರು ಯಾರು ಎಂದು ದಯವಿಟ್ಟು ಕೇಳಿ ಬರೆಯಿರಿ.

ಆಸ್ಪತ್ರೆ ನಡೆಸುವವರು ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದೇ ಬೇಡಿಕೆ. ಖಾಲಿ ಸಿಲಿಂಡರಿನ ತೂಕ ಅದರ ಹೆಗಲ ಮೇಲೇ ಕೊರೆದಿರುತ್ತದೆ. ಸಿಲಿಂಡರ್ ನಿಲ್ಲಿಸುವ ಜಾಗದಲ್ಲಿ ಒಂದು ತೂಕದ ಯಂತ್ರ ಇಡಿಸಿ. ಬೆಳಿಗ್ಗೆ ಮೊದಲ ರೋಗಿಯನ್ನು ಒಳಗೆ ಕರೆಯುವ ಮುಂಚೆ ತೂಕ ನೋಡಿ, ಕಳೆದು, ಉಳಿದ ಗ್ಯಾಸ್ ಎಷ್ಟೆಂದು ಗೋಡೆಯ ಬೋರ್ಡಿನ ಮೇಲೆ ಬರೆಯಲು ಹೇಳಿ. ಅಷ್ಟು ಗ್ಯಾಸಿಗೆ ಎಷ್ಟು ಜನರಿಗೆ ಎರಡೂ ಸುತ್ತು ಪೂರ್ತಿ ಆಗುತ್ತದೋ ಅಷ್ಟೇ ಜನರನ್ನು ಆ ಸಿಲಿಂಡರಿನ ಲೆಕ್ಕಕ್ಕೆ ಹಾಕಿಕೊಳ್ಳಿ.

ಇಂತಿ ನಿಮ್ಮ ಓದುಗ,
ನಿವೃತ್ತ ವೈದ್ಯಕೀಯ ಉಪಕರಣ ತಂತ್ರಜ್ಞ