ಒಂದು ರಬ್ಬರ್ ಬುಷ್ ಸಿಗದಿದ್ದರೆ ಕಾರು ಗುಜರಿಗೆ ಹೋಗಬೇಕೇ?

ಮಾನ್ಯ ಸಂಪಾದಕರೇ,

ನನ್ನಲ್ಲಿರುವುದು 2005ರ ಡಿಸೆಂಬರಿನಲ್ಲಿ ನೋಂದಣಿಯಾದ ಸಣ್ಣ ಪೆಟ್ರೋಲ್ ಕಾರು. ನಿವೃತ್ತ ಶಿಕ್ಷಕನಾದ ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ತಾಯಿಯೊಂದಿಗೆ ವಾಸವಾಗಿದ್ದೇನೆ. ನಮ್ಮ ಮನೆಯಿಂದ ಬಸ್ಸಿನ ದಾರಿಗೆ ಮೂರು ಕಿಲೋಮೀಟರ್ ನಡೆಯಬೇಕು. ಎಂಬತ್ತನಾಲ್ಕು ವರ್ಷದ ತಾಯಿಯನ್ನು ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಚಿಕಿತ್ಸೆಗೆ ಕರೆದುಕೊಂಡು ಹೋಗಬೇಕು. ಆದ್ದರಿಂದ ಈ ಕಾರು ನಮಗೆ ಷೋಕಿಯಲ್ಲ. ಹಳೆಯ ವಾಹನಗಳನ್ನು ರಸ್ತೆಯಿಂದ ಸರಿಸುವ ಮಾತು ಬಂದಾಗಲೆಲ್ಲ ಹೊಗೆ, ವಯಸ್ಸು, ಸುರಕ್ಷತೆ ಇವುಗಳ ಚರ್ಚೆಯೇ ನಡೆಯುತ್ತದೆ. ಅಂಥ ವಾಹನವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲು ಹೊರಟವನಿಗೆ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದಕ್ಕಾಗಿಯೇ ಈ ಪತ್ರ.

ಕಳೆದ ಮಳೆಗಾಲದ ಆರಂಭದಲ್ಲಿ ಗುಂಡಿ ಬಿದ್ದ ರಸ್ತೆಗೆ ಇಳಿದ ಕೂಡಲೇ ಎಡಗಡೆಯ ಮುಂದಿನ ಚಕ್ರದಿಂದ ಕಟಕಟ ಸದ್ದು ಬರತೊಡಗಿತು. ನಮ್ಮೂರಿನ ಮೆಕ್ಯಾನಿಕ್ ಜಾಕ್ ಏರಿಸಿ, ಚಕ್ರ ಬಿಚ್ಚಿ, ಚಕ್ರವನ್ನು ಕಾರಿನ ಅಡಿಚೌಕಟ್ಟಿಗೆ ಜೋಡಿಸುವ ಲೋವರ್ ಆರ್ಮ್ ಎಂಬ ಕಬ್ಬಿಣದ ತೋಳಿನ ಸಂದಿಗೆ ಲಿವರ್ ಹಾಕಿ ಮೀಟಿ ತೋರಿಸಿದರು. ಆರ್ಮಿನ ಕಬ್ಬಿಣ ಗಟ್ಟಿಯಾಗಿತ್ತು, ತುಕ್ಕು ಕೂಡ ಮೇಲ್ಮೈಯಲ್ಲಷ್ಟೇ ಇತ್ತು. ಅದರ ಕಣ್ಣಿನೊಳಗೆ, ಅಂದರೆ ತುದಿಯ ತೂತಿನೊಳಗೆ, ಕೂತು ಅದುರು ತಡೆಯುವ ಹೆಬ್ಬೆರಳು ಗಾತ್ರದ ರಬ್ಬರ್ ಬುಷ್ ಮಾತ್ರ ಸೀಳಿ ಪುಡಿಪುಡಿಯಾಗಿ ಉದುರುತ್ತಿತ್ತು. ಬಲಗಡೆಯದೂ ಅದೇ ಸ್ಥಿತಿಗೆ ಹತ್ತಿರವಿದ್ದುದರಿಂದ ಎರಡನ್ನೂ ಬದಲಿಸುವುದೆಂದು ತೀರ್ಮಾನಿಸಿದೆವು.

ಶಿವಮೊಗ್ಗದ ಅಂಗಡಿಯೊಂದರಲ್ಲಿ ಸಿಕ್ಕಿದ ಬುಷ್‌ಗಳನ್ನು ಲೇತಿನಲ್ಲಿ ಪ್ರೆಸ್ ಮಾಡಿಸಿ ಹಾಕಿಸಿದೆ. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದಿರಬೇಕು, ಎರಡು ತಿಂಗಳೊಳಗೆ ಒಂದು ಬುಷ್ ಕಣ್ಣಿನಿಂದ ಜಾರಿ ಹೊರಬಂತು. ಅಧಿಕೃತ ವರ್ಕ್‌ಷಾಪಿಗೆ ಹೋದರೆ, ಬುಷ್ ಒಂದನ್ನೇ ಮಾರುವುದಿಲ್ಲ, ಇಡೀ ಆರ್ಮ್ ತೆಗೆದುಕೊಳ್ಳಬೇಕು ಎಂದರು. ಅದಕ್ಕೂ ಒಪ್ಪಿ ಮುಂಗಡ ಕಟ್ಟಿ ಬಂದೆ. ಮೂರು ವಾರದ ನಂತರ ದೂರವಾಣಿ ಕರೆ ಬಂತು: ಆ ಮಾಡೆಲ್ ನಿಂತುಹೋಗಿದೆ, ಆರ್ಮ್ ಸ್ಟಾಕ್ ಇಲ್ಲ, ಯಾವಾಗ ಬರುತ್ತದೆಂದು ಹೇಳಲಾಗದು. ಕೊನೆಗೆ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದೆ. ನೋಡಲು ಒಂದೇ ತೆರನಾದ ಆರ್ಮನ್ನು ಮೂರು ಅಂಗಡಿಗಳಲ್ಲಿ ಮೂರು ಬೆಲೆಗೆ ಕೊಡುತ್ತಿದ್ದರು. ಯಾವುದು ಅಸಲಿ, ಯಾವುದು ನಕಲಿ ಎಂದು ತಿಳಿಯಲು ನನ್ನಂಥವನಿಗೆ ಯಾವ ದಾರಿಯೂ ಇರಲಿಲ್ಲ. ಹೆಚ್ಚು ಬೆಲೆಯದೇ ಒಳ್ಳೆಯದಿರಬಹುದೆಂದು ನಂಬಿ ಒಂದು ಜೊತೆ ತಂದೆ.

ಖರ್ಚಿನ ಲೆಕ್ಕ ಹೀಗಿದೆ. ಬುಷ್ ಮತ್ತು ಲೇತ್ ಕೆಲಸಕ್ಕೆ 700 ರೂಪಾಯಿ, ಒಂದು ಜೊತೆ ಆರ್ಮಿಗೆ 4,200 ರೂಪಾಯಿ. ಎರಡು ಸಲ ಬಿಚ್ಚಿ ಜೋಡಿಸಿದ ಕೂಲಿ 1,800, ಎರಡು ಸಲ ಚಕ್ರದ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿದ್ದು 1,200. ಬುಷ್ ಸಡಿಲವಾದಾಗ ಚಕ್ರದ ಕೋನ ತಪ್ಪುತ್ತದೆ, ಕೋನ ತಪ್ಪಿದ ಚಕ್ರ ರಸ್ತೆಗೆ ಉಜ್ಜಿಕೊಂಡೇ ಓಡುತ್ತದೆ. ಹಾಗಾಗಿ ಬಿಡಿಭಾಗಕ್ಕಾಗಿ ಕಾಯುತ್ತಿದ್ದ ದಿನಗಳಲ್ಲಿ ಅನಿವಾರ್ಯವಾಗಿ ಓಡಿಸಿದ ಕಾರಣಕ್ಕೆ ಮುಂದಿನ ಎರಡೂ ಟೈರುಗಳ ಒಳಅಂಚು ತಂತಿ ಕಾಣುವಷ್ಟು ಸವೆಯಿತು. ಅವುಗಳ ಬದಲಿಗೆ ಹಾಕಿಸಿದ ಟೈರುಗಳಿಗೆ 6,800 ಕೊಟ್ಟೆ. ಒಟ್ಟು 14,700 ರೂಪಾಯಿ. ಬಸ್ಸಿನ ಖರ್ಚನ್ನೂ, ಕಾರು ನಿಂತಿದ್ದಾಗ ತಾಯಿಗಾಗಿ ಮಾಡಿದ ಟ್ಯಾಕ್ಸಿಯ ಬಾಡಿಗೆಯನ್ನೂ ಇದರಲ್ಲಿ ಸೇರಿಸಿಲ್ಲ. ಸರಿಯಾದ ಅಳತೆಯ ಬುಷ್ ಮೊದಲ ದಿನವೇ ಸಿಕ್ಕಿದ್ದರೆ ಇದರ ಆರನೇ ಒಂದು ಪಾಲಿನಲ್ಲಿ ಕೆಲಸ ಮುಗಿಯುತ್ತಿತ್ತು.

ನಮ್ಮ ಮೆಕ್ಯಾನಿಕ್ ಮೂವತ್ತೈದು ವರ್ಷ ಇದೇ ಕೆಲಸ ಮಾಡಿದವರು. ಸದ್ದು ಕೇಳಿಯೇ ರೋಗ ಹೇಳುತ್ತಾರೆ. ಅವರು ಕೈಚೆಲ್ಲಿದ್ದು ವಿದ್ಯೆ ಸಾಲದೆ ಅಲ್ಲ, ಸಾಮಾನು ಸಿಗದೆ. ಇದನ್ನು ಕಣ್ಣಾರೆ ಕಂಡ ಮೇಲೆ, ವಾಹನ ಹಳತಾಗುವುದು ಬೇರೆ, ಅದನ್ನು ಹಳತೆಂದು ಕೈಬಿಡುವಂತೆ ಮಾಡುವುದು ಬೇರೆ ಎಂದು ನನಗೆ ಮನವರಿಕೆಯಾಗಿದೆ.

ಇತ್ತ ಸರ್ಕಾರದ ಶುಲ್ಕ ಏರುತ್ತಲೇ ಇದೆ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷ ಊರ್ಜಿತವಾಗಿರುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 2020ರಲ್ಲಿ ನಾನು ನವೀಕರಿಸಿದಾಗ ಇದರ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ ಅದನ್ನು 5,000ಕ್ಕೆ ಏರಿಸಿದರು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಿದ್ದಾರೆ. 2025ರ ಡಿಸೆಂಬರಿಗೆ ನನ್ನ ಕಾರಿನ ಸರದಿ. ರಾಜ್ಯದ ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆಯ ಹಣ ಇದಕ್ಕೆ ಹೊರತು. ಎಂಜಿನ್ ಸುಸ್ಥಿತಿಯಲ್ಲಿದ್ದು ಪ್ರತಿ ಸಲವೂ ಹೊಗೆ ತಪಾಸಣೆಯಲ್ಲಿ ತೇರ್ಗಡೆಯಾಗುವ ಕಾರಿಗೂ, ಕಪ್ಪು ಹೊಗೆ ಉಗುಳುವ ಕಾರಿಗೂ ವಯಸ್ಸೊಂದನ್ನೇ ನೋಡಿ ಒಂದೇ ಶುಲ್ಕ ವಿಧಿಸುವುದು ಯಾವ ನ್ಯಾಯ? ತಪಾಸಣೆಯಲ್ಲಿ ಸೋತ ವಾಹನ ರಸ್ತೆಗೆ ಬರಬಾರದು ಎಂಬುದರಲ್ಲಿ ನನ್ನದು ಎರಡು ಮಾತಿಲ್ಲ, ಅದು ನನ್ನದೇ ಆದರೂ ಸರಿ.

ಗುಜರಿ ನೀತಿಯಡಿ ಹಳೆಯ ಕಾರನ್ನು ಒಪ್ಪಿಸಿದರೆ ಹೊಸ ಖಾಸಗಿ ವಾಹನದ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಸಿಗಬಹುದು. ಆದರೆ ಅದು ಹೊಸ ಕಾರು ಕೊಳ್ಳುವ ಶಕ್ತಿ ಇದ್ದವರಿಗೆ. ಪಿಂಚಣಿಯಲ್ಲಿ ಔಷಧಿ, ದಿನಸಿ ಹೊಂದಿಸುವವರು ಐದಾರು ಲಕ್ಷ ರೂಪಾಯಿಯನ್ನು ಎಲ್ಲಿಂದ ತರಬೇಕು? 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿಯನ್ನು ಶೇ 18ಕ್ಕೆ ಇಳಿಸಿದ್ದು ಒಳ್ಳೆಯ ಕೆಲಸ, ಅದನ್ನು ಹೇಳಲೇಬೇಕು. ಆದರೆ ಅಂಗಡಿಯಲ್ಲಿ ಇಲ್ಲದ ವಸ್ತುವಿನ ತೆರಿಗೆ ಎಷ್ಟು ಇಳಿದರೆ ಏನು ಬಂತು?

ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಈ ಪ್ರಶ್ನೆ ಇನ್ನಷ್ಟು ಜರೂರಾಗಿದೆ. ಕೆಲವು ಹಳೆಯ ವಾಹನಗಳಲ್ಲಿ ದೀರ್ಘ ಬಳಕೆಯ ನಂತರ ರಬ್ಬರ್ ಭಾಗ, ಸೋರಿಕೆ ತಡೆಯುವ ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು ಎಂದು ಕೇಂದ್ರ ಸರ್ಕಾರವೇ ಹೇಳಿದೆ. ನನ್ನ ಕಾರಿನ ಪೆಟ್ರೋಲ್ ಪೈಪು ಈ ವರ್ಷ ಬಿರುಕು ಬಿಟ್ಟಿತು. ಅದಕ್ಕೆ ಎಥನಾಲೇ ಕಾರಣ ಎಂದು ನಾನು ವಾದಿಸುವುದಿಲ್ಲ, ಇಪ್ಪತ್ತು ವರ್ಷದ ರಬ್ಬರಿಗೆ ವಯಸ್ಸೂ ಆಗಿರುತ್ತದೆ. ಆದರೆ ಬದಲಿಸಿ ಎನ್ನುವವರು ಬದಲಿಸಲು ಬೇಕಾದ ವಸ್ತು ಪೇಟೆಯಲ್ಲಿ ಇರುವಂತೆಯೂ ನೋಡಿಕೊಳ್ಳಬೇಕಲ್ಲವೇ?

ಇದು ಹೊಸದಾಗಿ ಹುಟ್ಟಿದ ತಕರಾರೂ ಅಲ್ಲ. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದೆ ಸ್ವತಂತ್ರ ಗ್ಯಾರೇಜುಗಳನ್ನು ದೂರ ಇಟ್ಟ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರಲ್ಲಿಯೇ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು. ಆ ಆದೇಶವನ್ನು ಕಂಪನಿಗಳು ಪ್ರಶ್ನಿಸಿದವು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿ, ಮೊಬೈಲ್, ಗೃಹೋಪಯೋಗಿ ವಸ್ತು, ಕೃಷಿ ಯಂತ್ರಗಳ ಜೊತೆಗೆ ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು, ಒಂದು ಜಾಲತಾಣವನ್ನೂ ತೆರೆಯಿತು. ನಮ್ಮ ಊರಿನ ಗ್ಯಾರೇಜಿನವರೆಗೆ ಅದರ ಫಲ ಇನ್ನೂ ತಲುಪಿಲ್ಲ.

ಒಂದು ಮಾಡೆಲಿನ ತಯಾರಿಕೆ ನಿಲ್ಲಿಸುವ ಕಂಪನಿಯು ಆಮೇಲೆ ಕನಿಷ್ಠ ಹದಿನೈದು ವರ್ಷ ಅದರ ಬಿಡಿಭಾಗ ಒದಗಿಸುವುದನ್ನು ಕಾನೂನು ಕಡ್ಡಾಯಗೊಳಿಸಬೇಕು. ನೋಂದಣಿಯ ಮೊದಲ ಅವಧಿಯೇ ಹದಿನೈದು ವರ್ಷ ಇರುವಾಗ ಇದು ದೊಡ್ಡ ಬೇಡಿಕೆಯಲ್ಲ. ಬುಷ್, ಸೀಲ್, ಕೀಲಿನ ಮೇಲೆ ಹೊದಿಸುವ ರಬ್ಬರ್ ಬೂಟ್‌ನಂತಹ ಸವೆಯುವ ಸಣ್ಣ ವಸ್ತುಗಳನ್ನು ಬಿಡಿಯಾಗಿಯೇ ಮಾರುವಂತಾಗಬೇಕು, ಅವುಗಳ ನಂಬರ್ ಮತ್ತು ಬೆಲೆ ಗ್ರಾಹಕನಿಗೂ ಹಳ್ಳಿಯ ಮೆಕ್ಯಾನಿಕ್‌ಗೂ ತಿಳಿಯುವಂತಿರಬೇಕು. ನವೀಕರಣ ಶುಲ್ಕವನ್ನು ಮುಂದೆ ಪರಿಷ್ಕರಿಸುವಾಗ ತಪಾಸಣೆಯ ಫಲಿತಾಂಶವನ್ನೂ ಪರಿಗಣಿಸಬೇಕೆಂದು ಸಾರಿಗೆ ಸಚಿವಾಲಯವನ್ನು ವಿನಂತಿಸುತ್ತೇನೆ. ನಮ್ಮ ಭಾಗದ ಸಂಸದರು ಈ ವಿಷಯವನ್ನು ಸದನದಲ್ಲಿ ಎತ್ತಲಿ.

ಬಿಚ್ಚಿ ತೆಗೆದ ಹಳೆಯ ಎರಡೂ ಆರ್ಮ್‌ಗಳನ್ನು ಎಣ್ಣೆ ಸವರಿ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿದ್ದೇನೆ. ಸರಿಯಾದ ಬುಷ್ ಎಂದಾದರೂ ಸಿಕ್ಕಿದರೆ ಅವನ್ನೇ ಮತ್ತೆ ಹಾಕಿಸುತ್ತೇನೆ.

ಇಂತಿ,
ಓರ್ವ ನಿವೃತ್ತ ಶಿಕ್ಷಕ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ